ಕಾವಲು ಗುಡಿಸಲಿನ ಆಲಿಕಲ್ಲು

ಎವರಿಸ್ತೊ ಬಾವಿ ದಾಟ್ತಿದ್ದ. ರಾತ್ರಿ ಹನ್ನೊಂದಾಗಿರಬೇಕು. ಕೈಯಲ್ಲಿ ಟಾರ್ಚಿತ್ತು, ಹಚ್ಚಿರಲಿಲ್ಲ. ಆ ಹೊತ್ತಲ್ಲಿ ಅವನು ಗುಡ್ಡದ ಮೇಲಿರಬೇಕಾದವನು… ಊರೊಳಗೆ ಯಾರ ಕಣ್ಣಿಗೂ ಬೀಳೋ ಹಾಗಿರಲಿಲ್ಲ.

ಬಾವಿ ಅಂದ್ರೆ ಇದೇ, ಶಾಲೆ ಹಿಂದಿನದು. ತಗಡಿನ ಮುಚ್ಚಳ, ಅದರ ಮೇಲೊಂದು ಕಲ್ಲು. ಅವತ್ತೂ ಮುಚ್ಚೇ ಇತ್ತು.

ಟಕ್.

ಒಳಗಿಂದ. ಮುಚ್ಚಳದ ಅಡಿಗೆ ಏನೋ ಬಂದು ತಾಗಿದ ಶಬ್ದ. ಅವನು ನಿಂತ. ಗಾಳಿ ಇರಲಿಲ್ಲ. ನಾಯಿ ಬೊಗಳಲಿಲ್ಲ. ಮತ್ತೆ… ಟಕ್, ಟಕ್. ಆಮೇಲೆ ಶಬ್ದ ಬದಲಾಯ್ತು. ಲೊಚ್… ಲೊಚ್… ಲೊಚ್… ಮೂರು ಸಲ, ನಡುವೆ ಒಂದು ಪುಟ್ಟ ಉಸಿರು. ಮತ್ತೆ ಮೂರು ಸಲ. ಎದೆಹಾಲು ಕುಡಿಸಿದವರಿಗೆ ಅದು ಏನು ಶಬ್ದ ಅಂತ ನಾನು ಹೇಳಿಕೊಡಬೇಕಾಗಿಲ್ಲ.

ರೊಸೆಂದಾ, ಕಂಬಳಿ ಎಳಕೊಂಡು ಕೂತ್ಕೊ. ಏಳು ತಿಂಗಳ ಬಸುರಿ, ಈ ಹಿಮದಲ್ಲಿ ಆಲೂಗಡ್ಡೆ ಕಾಯೋಕೆ ನಿನ್ನನ್ನ ಕರೆದವರು ಯಾರೇ? ಒಣಗಿಸೋಕೆ ಹರವಿದ ಗಡ್ಡೆ ಹೆಪ್ಪುಗಟ್ಟೋದನ್ನ ನೋಡ್ತಾ ಕೂರೋಕೆ ನಾವು ಮುದುಕಿಯರು ಸಾಲದಾ? ಬಂದಿದ್ದೀಯ, ಸರಿ, ಕೇಳು. ನಿನಗೇ ಹೇಳ್ತಿರೋದು. ಇವರೆಲ್ಲ ಕಣ್ಣಾರೆ ಕಂಡವರು, ಕೆಲವರು ಅವತ್ತು ಗುಡ್ಡ ಹತ್ತಿದವರು. ಅದಕ್ಕೇ ನೋಡು, ಈಗ ತಲೆ ತಗ್ಗಿಸ್ಕೊಂಡು ಗಡ್ಡೆ ತಿರುವ್ತಿದ್ದಾರೆ.

ಎವರಿಸ್ತೊ ಬಾವಿಯಿಂದ ನೇರ ನನ್ನ ಬಾಗಿಲಿಗೆ ಬಂದ. ಬೆರಳ ತುದೀಲಿ ತಟ್ಟಿದ.

"ಬಾಲ್ಬಿನಕ್ಕ."

"ಯಾರು?"

"ನಾನು."

"ನಾನು ಅಂದ್ರೆ ಯಾವ ನಾನು? ಕಾವಲು ಬಿಟ್ಟು ಇಳಿದು ಬಂದ್ಯಾ? ಬೆನ್ನಿನ ಚರ್ಮ ಇನ್ನೂ ಬಾಕಿ ಇದೆ ಅಂತಾನಾ?"

"ಮೆಲ್ಲಗೆ ಅಕ್ಕ." ಅವನ ಹಲ್ಲು ಕಟಕಟ ಅಂತಿತ್ತು. "ಹಾಲು ಕಟ್ಟಿಕೊಂಡ್ರೆ ಏನು ಹಚ್ತಾರೆ?"

"ಯಾರಿಗೆ?"

ಬಾಗಿಲನ್ನ ಉಗುರಲ್ಲಿ ಕೆರೆದ. ಆಮೇಲೆ, "ಕುರಿಗೆ."

"ಮರಿ ಎಲ್ಲಿ?"

"ಸತ್ತೋಯ್ತು."

ನಾನು ಕೋಸಿನ ಎಲೆ ನಾಲ್ಕು ಮುರಿದು ಕೊಟ್ಟೆ. ಬಿಸಿ ಮಾಡಿ ಎದೆಗೆ ಕಟ್ಟು ಅಂದೆ. ಕುರಿಗೆ ಯಾರಾದ್ರೂ ಕೋಸಿನೆಲೆ ಕಟ್ತಾರಾ? ಅವನು ಕೇಳಲಿಲ್ಲ. ನಾನೂ ಮುಂದಕ್ಕೆ ಕೆದಕಲಿಲ್ಲ. ನನಗೆ ಗೊತ್ತಾಗಿತ್ತು ರೊಸೆಂದಾ. ಗೊತ್ತಿಲ್ಲದವಳ ಹಾಗೆ ಅಗಳಿ ಹಾಕ್ಕೊಂಡು ಮಲಗಿದೆ. ಬಾವಿಯಲ್ಲಿ ಕೇಳಿದ್ದನ್ನ ಅವನು ಹೇಳಿದ್ದು ಎಷ್ಟೋ ದಿನದ ಮೇಲೆ.

ಅವನ ಹೆಂಡತಿ ಇಲಾರಿಯಾ, ನನ್ನ ಚಿಕ್ಕಪ್ಪನ ಮಗಳು. ನಾನೇ ಬೆನ್ನಿಗೆ ಕಟ್ಕೊಂಡು ಬೆಳೆಸಿದ ಹುಡುಗಿ. ಬಾಯಿ ಅಂದ್ರೆ ಬಾಯಿ, ಊರಲ್ಲಿ ಯಾರನ್ನೂ ಬಿಟ್ಟವಳಲ್ಲ. ಗಂಡ ಮಾತ್ರ ಮಾತಾಡಿದ್ರೆ ಮುತ್ತು ಉದುರುತ್ತೆ ಅನ್ನೋ ಜಾತಿ. ಅವಳಿಗೆ ಎರಡು ಬಸಿರು ನಿಲ್ಲಲಿಲ್ಲ. ಒಂದು ನಾಲ್ಕು ತಿಂಗಳಿಗೆ ಹೋಯ್ತು, ಒಂದು ಐದಕ್ಕೆ. ಮೂರನೇದು ನಿಂತಾಗ ಅವಳಿಗೆ ಮೂವತ್ತಾರು.

ಐದನೇ ತಿಂಗಳಿಗೆ ಕಾಲು ಊದಿತು. ಟೈರಿನ ಚಪ್ಪಲಿ ಕಾಲಿಗೆ ಏರಲಿಲ್ಲ. ಆಸ್ಪತ್ರೆಯ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದು ನೋಡಿದಳು, ಎರಡನೇ ಸಲ ನೋಡಿದಳು. "ಬೀಪಿ ಜಾಸ್ತಿ ಇದೆ ಇಲಾರಿಯಾ. ಕೆಲಸ ಮುಟ್ಟಬೇಡ. ಎಡಗಡೆ ಮಗ್ಗುಲಾಗಿ ಮಲಗು. ತಲೆ ಸಿಡಿದ್ರೆ, ಕಣ್ಣ ಮುಂದೆ ಕಿಡಿ ಹಾರಿದ್ರೆ, ಆ ಗಳಿಗೇಲೇ ಎಲ್ ಆಲ್ತೊ ದೊಡ್ಡಾಸ್ಪತ್ರೆಗೆ ಹೊರಡು. ನಾಳೆ ಅನ್ನಬೇಡ."

ಸರಿ, ಎಲ್ ಆಲ್ತೊದಲ್ಲಿ ಅವಳ ಅಕ್ಕ ಇದ್ಲು. ಅಲ್ಲೇ ಹೋಗಿ ಮಲಗೋದು ಅಂತ ಗಂಟು ಕಟ್ಟಿ ಆಗಿತ್ತು. ಅಷ್ಟರಲ್ಲಿ ಹೊಲಗಾವಲಿನ ಸರದಿ ಅವರ ಮನೆಗೆ ಬಂತು.

ನೀನು ಪಟ್ಟಣದವಳು, ನಿನಗೆ ಹೇಳ್ಬೇಕು. ಆಲೂಗಡ್ಡೆ ಹೂ ಬಿಡೋ ಕಾಲಕ್ಕೆ ಒಂದು ಮನೆಯವರು ಗುಡ್ಡದ ಮೇಲಿನ ಗುಡಿಸಲಲ್ಲಿ ಇರಬೇಕು. ಆಲಿಕಲ್ಲಿನ ಮೋಡ ಎದ್ದರೆ ಕೊಂಬು ಊದಬೇಕು, ಹಸಿ ಹುಲ್ಲು ಸುಟ್ಟು ಹೊಗೆ ಎಬ್ಬಿಸಬೇಕು, ಪಟಾಕಿ ಬಾಣ ಹಾರಿಸಿ ಮೋಡ ತಿರುಗಿಸಬೇಕು. ಗಂಡ ಹೆಂಡತಿ ಇಬ್ಬರೂ ಇರಬೇಕು. ಗಂಡಸು ಒಬ್ಬನೇ ಕೂತ್ರೆ ಅದು ಕಾವಲೇ ಅಲ್ಲ. ಸರದಿ ಬಿಟ್ರೆ ಹೊಲ ಊರಿನ ಪಾಲು. ಕಲ್ಲು ಬಿದ್ರೆ ಕಾವಲಿನವನಿಗೆ ಚಾಟಿ.

ಎವರಿಸ್ತೊ ಸಭೇಲಿ ಟೋಪಿ ತೆಗೆದು ನಿಂತು, ಒಂದು ವರ್ಷ ಮುಂದಕ್ಕೆ ಹಾಕಿ ಅಂತ ಬೇಡಿದ. ಊರ ಯಜಮಾನ ದೋನ್ ಕಸಿಮಿರೊ ಎದೆ ಮೇಲೆ ಅಡ್ಡ ಹಾಕಿದ್ದ ಚಾಟಿ ಸವರ್ತಾ ಹೇಳಿದ, "ನಮ್ಮಮ್ಮ ನನ್ನನ್ನ ಉಳೋ ಸಾಲಲ್ಲೇ ಹೆತ್ತಳು. ಹೊಕ್ಕುಳು ಕೊಯ್ಕೊಂಡು ಸಂಜೆಗೆ ಕುರಿ ಹೊಡಕೊಂಡು ಮನೆಗೆ ಬಂದಳು."

"ಅದಕ್ಕೇ ನೀವು ಹೀಗಾಗಿದ್ದು ದೋನ್ ಕಸಿಮಿರೊ," ಅಂದ್ಲು ಇಲಾರಿಯಾ, ಕೂತಲ್ಲಿಂದಲೇ. "ಹುಟ್ಟಿದ ತಕ್ಷಣ ಮೂಗಿನ ತುಂಬ ಮಣ್ಣು ಹೋಗಿದೆ."

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವನು ನಗಲಿಲ್ಲ. ಮೂರನೇ ದಿನ ಕತ್ತೆ ಮೇಲೆ ಕೂರಿಸಿ ಅವಳನ್ನ ಗುಡ್ಡ ಹತ್ತಿಸಿದರು.

ಅಲ್ಲಿ ಅವಳು ಎಡಗಡೆಗೆ ಮಲಗಿದ್ಲು. ಎರಡು ತಿಂಗಳು ಹಾಗೇ ಮಲಗಿದ್ಲು ಮಾರಾಯ್ತಿ, ಎಡಗಿವಿ ಹುಣ್ಣಾಯ್ತು. ನರ್ಸಮ್ಮ ಹೇಳಿಕೊಟ್ಟ ಹಾಗೆ ದಿನಾ ಬೆಳಿಗ್ಗೆ ಹತ್ತು ಜೋಳದ ಕಾಳು ಪಕ್ಕದಲ್ಲಿಟ್ಕೊಂಡು, ಮಗು ಒದ್ದಾಗೊಮ್ಮೆ ಒಂದು ಕಾಳು ಆಚೆ ಸರಿಸೋದು. "ಏಯ್ ಸೋಮಾರಿ, ನಿಮ್ಮಪ್ಪನ ಹಾಗೆ ಬಿದ್ಕೋಬೇಡ. ಇನ್ನೂ ಮೂರು ಬಾಕಿ ಇದೆ, ಒದಿ," ಅಂತ ಹೊಟ್ಟೆ ಜೊತೆ ಜಗಳ ಆಡೋದು. ಹತ್ತನೇ ಕಾಳು ಸರಿದ ಮೇಲೆ ಹತ್ತನ್ನೂ ಹುರಿದು ತಿಂದು ಅಳೋಳು. ಸೂಪು ತಗೊಂಡು ಹೋದಾಗ ನಾನೇ ನೋಡಿದ್ದೀನಿ. ಈ ಮಗು ಉಳಿಯೋದು ಬಿಟ್ಟು ಅವಳಿಗೆ ಪ್ರಪಂಚದಲ್ಲಿ ಇನ್ನೇನೂ ಬೇಕಿರಲಿಲ್ಲ.

ಫೆಬ್ರವರಿ ತಿಂಗಳ ಒಂದು ಸಂಜೆ. ಅವತ್ತು ನಾಲ್ಕೇ ಕಾಳು ಸರಿದಿತ್ತು. ತಲೆ ಸಿಡೀತು. ಕಣ್ಣ ಮುಂದೆ ಕಿಡಿ. ಎವರಿಸ್ತೊ ಕತ್ತೆಗೆ ಜೀನು ಬಿಗೀತಿದ್ದ. ಅದೇ ಹೊತ್ತಿಗೆ ದೊಡ್ಡ ಕೆರೆ ಕಡೆಯಿಂದ ಮೋಡ ಎದ್ದಿತು… ಮೇಲೆ ಕರಿ, ಹೊಟ್ಟೆ ಬಿಳಿ. ಕೆಳಗೆ ಊರಿನ ಹೊಲವೆಲ್ಲ ಹೂ ಬಿಟ್ಟು ನಿಂತಿದೆ.

"ಹೋಗು," ಅಂದದ್ದು ಅವಳೇ. "ಊದಿ ಬಾ. ಆಮೇಲೆ ಹೊರಡೋಣ."

ಅವನು ಹೋದ. ಭೂಂ… ಭೂಂ… ಅಂತ ಕೊಂಬು ಊದಿದ. ಸಗಣಿ, ಹಸಿ ಹುಲ್ಲು, ಸಿಕ್ಕಿದ್ದೆಲ್ಲ ಸುಟ್ಟ. ಏಳು ಬಾಣ ಹಾರಿಸಿದ. ಮೋಡ ತಿರುಗಿತು. ಊರಿನವರು ನಾವು ಮನೆಯೊಳಗೆ ಕೂತು, ಪರವಾಗಿಲ್ಲ, ಕಾವಲು ಚೆನ್ನಾಗಿದೆ ಅಂತ ಮಾತಾಡ್ಕೊಂಡ್ವಿ.

ಗುಡಿಸಲಲ್ಲಿ ಅವಳಿಗೆ ಫಿಟ್ಸು ಬಂತು. ಮೈ ಬಿಲ್ಲಾಗಿ ಸೆಟೆದು ನೆಲಕ್ಕೆ ಬಡೀತು. ನಾಲಿಗೆ ಅರ್ಧ ಕಚ್ಚಿ ಹರೀತು, ಬಾಯಿ ತುಂಬ ರಕ್ತ. ಎರಡು ಸಲ ಬಂದು ಹೋಗೋದರ ನಡುವೆ ಮಗು ಹೊರಬಿತ್ತು. ಗಂಡು. ಕುರಿಚರ್ಮದ ಮೇಲೆ ಬಿದ್ಕೊಂಡು ಒಂದು ಉಸಿರು ತಗೊಂಡ… ಬಿಟ್ಟ. ಇನ್ನೊಂದು ತಗೊಂಡ… ಬಿಟ್ಟ. ಅಷ್ಟೇ. ನೀರಿನ ಮಡಕೆ ಕೈಯಳತೇಲಿತ್ತು. ಅವನ ತಲೆ ಮೇಲೆ ನಾಲ್ಕು ಹನಿ ಹಾಕಿ ಒಂದು ಹೆಸರು ಅನ್ನೋರು ಯಾರೂ ಇರಲಿಲ್ಲ.

"ಎತ್ಕೊಳ್ಳೋಕೂ ಕೈ ಬರಲಿಲ್ಲ ಅಕ್ಕ," ಅಂದ್ಲು ನನಗೆ, ವರ್ಷಗಳ ಮೇಲೆ. "ನೋಡ್ತಾನೇ ಇದ್ದೆ. ಯಾರದೋ ಕೈ ನನ್ನ ಪಕ್ಕದಲ್ಲಿ ಬಿದ್ದಿತ್ತು."

ಎವರಿಸ್ತೊ ಮೈಯೆಲ್ಲ ಹೊಗೆ ವಾಸನೆ ಹೊತ್ಕೊಂಡು ಒಳಗೆ ಬಂದ. "ತಿರುಗ್ತು ಕಣೇ, ಮೋಡ ತಿರುಗ್ತು," ಅಂತ ಬಂದ.

ತಲೆ ಮೇಲೆ ನೀರು ಬೀಳದೆ, ಹೆಸರಿಲ್ಲದೆ ಸತ್ತ ಮಗು ಹಸಿವಿಗೆ ಆಲಿಕಲ್ಲು ಕರೆಯುತ್ತೆ ಅಂತ ನಮ್ಮಲ್ಲಿ. ಊರಿಗೆ ಹೇಳಿದ್ರೆ ಅವರು ಬರ್ತಾರೆ. ಎತ್ಕೊಂಡು ಎಲ್ಲೆ ಆಚೆ, ಹುಲ್ಲೂ ಹುಟ್ಟದ ಬೋಳು ನೆತ್ತಿ ಮೇಲೆ ಎಸೆದು ಬರ್ತಾರೆ. ತಾಯಿ ಆ ಕಡೆ ತಲೆ ಹಾಕೋ ಹಾಗಿಲ್ಲ. ಇಲಾರಿಯಾ ಕೊಡಲ್ಲ ಅಂದ್ಲು. ಇಬ್ಬರೂ ಸೇರಿ ಗುಡಿಸಲ ಒಲೆ ಅಡಿಯಲ್ಲೇ ಅಗೆದು ಹೂತರು. ಅವಳು ಐದು ಲಂಗದ ಒಳಗೆ ಉಣ್ಣೆ ಗಂಟು ಕಟ್ಕೊಂಡು ಬಸುರಿ ಹಾಗೇ ಓಡಾಡಿದ್ಲು. ನೋಡಿದವರಿಗೆ ಏನೂ ವ್ಯತ್ಯಾಸ ಇಲ್ಲ. ಎದೆಗೆ ಮಾತ್ರ ಸುಳ್ಳು ಹೇಳೋಕೆ ಬರಲಿಲ್ಲ, ಹಾಲು ಇಳೀತು.

ಆರನೇ ದಿನ ಮೊದಲ ಕಲ್ಲು ಬಿತ್ತು.

ಮೊದಲು ದೂರದಲ್ಲಿ ಯಾರೋ ಜರಡಿ ಆಡಿಸಿದ ಶಬ್ದ. ಆಮೇಲೆ ತಗಡಿನ ಮೇಲೆ ಟಕ್… ಟಕ್ ಟಕ್… ಆಮೇಲೆ ಪಕ್ಕದಲ್ಲಿರೋರ ಮಾತೂ ಕೇಳಿಸಲ್ಲ. ಅವರೆಕಾಯಿ ಹೊಲ ಹೋಯ್ತು. ಹಳ್ಳದ ಆಚೆ ಪಕ್ಕದೂರಿನ ಹೊಲದಲ್ಲಿ ಒಂದು ಕಲ್ಲಿಲ್ಲ, ಬಿಸಿಲು. ಒಂಬತ್ತು ದಿನದಲ್ಲಿ ನಾಲ್ಕು ಸಲ ಬಿತ್ತು. ಪ್ರತಿ ಸಲ ಬೀಳೋ ಮೊದಲು ಊರಲ್ಲಿ ಏನೇನು ಮುಚ್ಚಿರುತ್ತೋ ಅದರೊಳಗೆಲ್ಲ ಆ ಶಬ್ದ. ಲೊಚ್… ಲೊಚ್… ಲೊಚ್. ಒಬ್ಬರ ರೊಟ್ಟಿ ಒಲೆಯೊಳಗೆ. ಒಬ್ಬರ ಮುಚ್ಚಿದ ಮಡಕೆಯೊಳಗೆ. ನಮ್ಮನೇಲಿ ಹಿಟ್ಟಿನ ಡಬ್ಬದೊಳಗೆ. ಮುಚ್ಚಳ ತೆಗೆದೆ… ಬರೀ ಹಿಟ್ಟು.

ಎರಡನೇ ಕಲ್ಲಿಗೆ ಎವರಿಸ್ತೊಗೆ ಆರು ಚಾಟಿ. ಮೂರನೇದಕ್ಕೆ ಹನ್ನೆರಡು. ತಾನೇ ಅಂಗಿ ಬಿಚ್ಚಿ ಬೆನ್ನು ತಿರುಗಿಸಿದ. ಚಟೀರ್… ಚಟೀರ್… ಕಸಿಮಿರೊ ಹೊಡೆದು ದಣಿದು ಕೈ ಬದಲಾಯಿಸಿದ. ಎವರಿಸ್ತೊ ಬಾಯಿ ಬಿಡಲಿಲ್ಲ. ಅವನು ನನ್ನ ಬಾಗಿಲಿಗೆ ಬಂದದ್ದು ಆರು ಚಾಟಿ ತಿಂದ ರಾತ್ರಿ.

ಮೂರನೇ ಕಲ್ಲಲ್ಲಿ ನನ್ನ ಹೊಲ ಹೋಯ್ತು. ಒಂದು ಎಲೆ ಉಳೀಲಿಲ್ಲ, ದಂಟು ಕೂಡ ಜಜ್ಜಿಹೋಗಿತ್ತು. ನಾನು ಕೆಸರಲ್ಲಿ ಕೂತು ಬಾಯಿಗೆ ಬಂದ ಹಾಗೆ ಬೈದೆ. ಯಾರನ್ನ ಬೈತಿದ್ದೀನಿ ಅಂತ ನನಗೆ ಗೊತ್ತಿತ್ತು.

ನಾಲ್ಕನೇದು ಬಿದ್ದ ಮಾರನೇ ದಿನ ಕಸಿಮಿರೊ ಶಾಲೆಯಲ್ಲಿ ಹೆಂಗಸರನ್ನೆಲ್ಲ ಸೇರಿಸಿದ. ಯಾವಳೋ ಒಬ್ಬಳು ಬಚ್ಚಿಟ್ಟಿದ್ದಾಳೆ, ಎದೆ ಹಿಂಡಿ ನೋಡಿ ಅಂದ. ಹಿಂಡೋಕೆ ಮೂರು ಜನ. ಪಾಸ್ಕುವಾಲಾ ಒಬ್ಬಳು, ಗಂಜಿಯಮ್ಮ ಅಂತ ಕರೀತಿದ್ವಲ್ಲ, ಈಗ ತೀರಿಕೊಂಡಿದ್ದಾಳೆ, ಅವಳೊಬ್ಬಳು… ಇನ್ನೊಬ್ಬಳು ನಾನು.

ಹಿಂಡಿದ್ವಿ. ಬಾಗಿಲು ಹಾಕ್ಕೊಂಡು, ಸಾಲಾಗಿ ನಿಲ್ಲಿಸಿ, ಹಸುವಿನ ಕೆಚ್ಚಲು ಹಿಂಡೋ ಹಾಗೆ. ದೇಲಿಯಾ ಅಂತ ಹದಿನಾರರ ಹುಡುಗಿ ಗುಂಡಿ ಬಿಚ್ಚಲ್ಲ ಅಂತ ಗೋಡೆಗೆ ಅಂಟಿ ನಿಂತ್ಲು. ಪಾಸ್ಕುವಾಲಾ ಕೆನ್ನೆಗೆ ಬಾರಿಸಿದ ಹೊಡೆತಕ್ಕೆ ಕಿವಿಯೋಲೆ ಹಾಲೆ ಹರಿದು ಈಚೆ ಬಂತು. ಆ ರಕ್ತದ ಮೇಲೇ ಹಿಂಡಿದ್ವಿ. ಮೂವತ್ತೆಂಟು ಹೆಂಗಸರು. ಒಬ್ಬರಲ್ಲೂ ಇಲ್ಲ.

"ಎಲ್ಲರದ್ದೂ ಆಯ್ತಾ?" ಹೊರಗಿಂದ ಕಸಿಮಿರೊ.

"ಆಯ್ತು," ಅಂದ್ಲು ಪಾಸ್ಕುವಾಲಾ.

"ಗುಡ್ಡದ ಮೇಲಿನವಳದ್ದು ಆಗಿಲ್ಲ."

ಆ ಮಾತು ಯಾರ ಬಾಯಿಂದ ಬಂತು ಗೊತ್ತಾ? ಈ ಬಾಯಿಂದ.

"ಅವಳು ಬಸುರಿ ಅಲ್ವೇನೇ?" ಪಾಸ್ಕುವಾಲಾ ನನ್ನ ಮುಖ ನೋಡಿದ್ಲು.

"ನೋಡೋದ್ರಲ್ಲಿ ತಪ್ಪೇನು?" ಅಂದೆ.

ಇಪ್ಪತ್ತು ಇಪ್ಪತ್ತೈದು ಜನ ಹತ್ತಿದ್ವಿ. ಸಂಜೆಯಾಗ್ತಿತ್ತು. ಇಲಾರಿಯಾ ಗುಡಿಸಲ ಬಾಗಿಲಲ್ಲೇ ಕೂತಿದ್ಲು. ನನ್ನನ್ನ ಮುಂದೆ ಕಂಡು ಮುಖ ಅರಳಿತು.

"ಬಾ ಅಕ್ಕ. ಇಷ್ಟು ಜನಾನ ಕರ್ಕೊಂಡು ಬಂದ್ಯಲ್ಲ, ಸೂಪು ಸಾಲಲ್ವೇ?"

ಹತ್ತಿರ ಹೋದೆ. ಏಳು ಅಂದೆ. ಎದ್ದಳು. ಲಂಗದ ದಾರ ಹಿಡಿದು ಎಳೆದೆ. ಒಂದು, ಎರಡು… ಐದನೇದಕ್ಕೆ ಗಂಟು ಜಾರಿ ಅವಳ ಪಾದದ ಮೇಲೆ ಬಿತ್ತು. ಮೆತ್ತಗೆ ಧೊಪ್ ಅಂತು. ರವಿಕೆ ಎತ್ತಿ ಹಿಂಡಿದೆ. ಹಾಲು ಚಿಮ್ಮಿ ನನ್ನ ಮೂತಿಗೆ ಹಾರಿತು, ಬೆಚ್ಚಗಿತ್ತು. ಅವಳು ನನ್ನ ಕಣ್ಣನ್ನೇ ನೋಡ್ತಿದ್ಲು.

"ಇದೆ," ಅಂದೆ.

ಅಷ್ಟೇ ಸಾಕಾಯ್ತು. ಎವರಿಸ್ತೊ ಅಡ್ಡ ಬಂದ. ಅವನ ಕೈಲಿದ್ದ ಕೊಂಬನ್ನೇ ಕಿತ್ಕೊಂಡು ಅವನ ಮುಖಕ್ಕೆ ಅಪ್ಪಳಿಸಿದರು. ಹಲ್ಲು ಮುರಿದ ಶಬ್ದ ಕೇಳಿಸ್ತು, ಒಣ ಕಡ್ಡಿ ಮುರಿದ ಹಾಗೆ. ಬಿದ್ದವನನ್ನ ನಾಲ್ಕು ಜನ ಒದ್ದರು. ನಿನ್ನ ಗಂಡನ ಅಪ್ಪನೂ ಒದ್ದ, ಹೇಳ್ತೀನಿ ಕೇಳು, ಮುಚ್ಚಿಡೋದೇನಿದೆ.

"ಎಲ್ಲಿ?" ಅಂದ ಕಸಿಮಿರೊ.

ಅವಳು ಹೇಳಲಿಲ್ಲ. ಕಣ್ಣು ಮಾತ್ರ ಒಂದು ಕ್ಷಣ ಒಲೆ ಕಡೆ ಹೋಯ್ತು. ಆಮೇಲೆ ಅವಳೇ ಓಡಿ ಒಲೆ ಮೇಲೆ ಬೋರಲು ಬಿದ್ದಳು, ಕೆಂಡ ಇನ್ನೂ ಆರಿರಲಿಲ್ಲ. ಚುಯ್ ಅಂತ ಬಟ್ಟೆ ಸುಟ್ಟಿತು. ಎರಡು ಜಡೆ ಹಿಡಿದು ಎಳೆದರು. ಕಸಿಮಿರೊನ ಕೈ ಕಚ್ಚಿ ಮಾಂಸ ಕಿತ್ತಳು. ಅವನು ಹೊಟ್ಟೆಗೆ ಒದ್ದ. ಮಗು ಹೋಗಿ ಹದಿನೈದು ದಿನ ಆದ ಹೊಟ್ಟೆ. ಮತ್ತೊಮ್ಮೆ ಒದ್ದ. ನಾನು ನಿಂತು ನೋಡಿದೆ ರೊಸೆಂದಾ. ಅವಳು "ಅಕ್ಕ" ಅಂತ ಕರೀಲಿಲ್ಲ. ಕರೆದಿದ್ರೆ ಬಿಡಿಸ್ತಿದ್ದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳ್ಕೊಂಡಿದ್ದೀನಿ. ಸುಳ್ಳು ಅದು.

ದಡ್… ದಡ್… ಗುದ್ದಲಿ ಬಿತ್ತು. ಪಟ್ಟೆ ಬಟ್ಟೇಲಿ ಸುತ್ತಿದ ಗಂಟು ಮೇಲೆ ಬಂತು. ಕಸಿಮಿರೊ ಅದನ್ನ ಒಂದೇ ಕೈಲಿ ತಲೆ ಮೇಲಕ್ಕೆತ್ತಿದ.

"ನೋಡ್ಕೊಳ್ಳಿ, ನಿಮ್ಮ ಹೊಲ ತಿಂದ ಪೀಡೆ ಇದೇ. ಇದಕ್ಕೆ ಹೆಸರಿಲ್ಲ, ಅಪ್ಪ ಅಮ್ಮ ಇಲ್ಲ. ಎಲ್ಲೆ ಆಚೆ ಎಸೆದು ಬನ್ನಿ."

ಲೊಚ್.

ಗಂಟಿನೊಳಗಿಂದ. ಅವನ ಕೈಯಲ್ಲೇ.

ಲೊಚ್… ಲೊಚ್…

ಕಸಿಮಿರೊನ ಬಾಯಿ ತೆರೆದದ್ದು ಹಾಗೇ ಉಳೀತು. ಅವನ ಕೈಯಿಂದ ಗಂಟು ಕೆಳಗೆ ಬಿತ್ತು. ಗುಡಿಸಲೊಳಗೆ ಹೊಗೆಯಂಥ ಕತ್ತಲೆ ಇಳೀತು. ಆಮೇಲೆ ಸೂರು ಹರೀತು.

ಅಂಥ ಕಲ್ಲು ನಾನು ಅದಕ್ಕೆ ಮೊದಲು ಕಂಡಿಲ್ಲ, ಆಮೇಲೂ ಕಂಡಿಲ್ಲ. ಮುಷ್ಟಿ ಗಾತ್ರದವು. ಹುಲ್ಲಿನ ಸೂರು ಒಂದೇ ಏಟಿಗೆ ಚಿಂದಿಯಾಯ್ತು. ಜನ ಹೊರಗೆ ಓಡಿದ್ರು, ಹೊರಗೆ ಇನ್ನೂ ಜೋರು. ಒಬ್ಬನ ಭುಜದ ಮೂಳೆ ಲಟಕ್ ಅಂತು. ಪಾಸ್ಕುವಾಲಾ ಟೋಪಿ ತಲೆಗೇ ಇಳಿದುಹೋಯ್ತು, ಹಣೆಯಿಂದ ರಕ್ತ ಸುರೀತಾ ಗಿರಗಿರ ತಿರುಗ್ತಿದ್ಲು. ಕಸಿಮಿರೊ ಮಂಡಿಯೂರಿ ಬಿದ್ದ. ಒದ್ದ ಕಾಲಿನ ಮಂಡಿಚಿಪ್ಪು ಒಡೆದು ಪುಡಿಯಾಗಿತ್ತು. ಅವನು ಅಮ್ಮಾ ಅಂತ ಕೂಗ್ತಿದ್ದದ್ದು ಬಾಯಿ ಅಲುಗೋದರಲ್ಲಿ ಕಾಣಿಸ್ತು, ಕೇಳಿಸಲಿಲ್ಲ. ನಾನು ಕವುಚಿ ಬಿದ್ದು ತೋಳಲ್ಲಿ ತಲೆ ಮುಚ್ಕೊಂಡೆ. ಬೆನ್ನಿಗೆ ಬಿದ್ದ ಒಂದೊಂದಕ್ಕೂ ಉಸಿರು ನಿಂತು ನಿಂತು ಬರ್ತಿತ್ತು.

ಓರೆಗಣ್ಣಲ್ಲಿ ನೋಡಿದೆ. ಇಲಾರಿಯಾ ತೆವಳ್ಕೊಂಡು ಹೋಗಿ ಗಂಟು ಎತ್ಕೊಂಡ್ಲು. ಬಿಚ್ಚಿ ಎದೆಗೆ ಹಿಡ್ಕೊಂಡ್ಲು. ಅವಳ ಮೇಲೆ ಒಂದು ಕಲ್ಲೂ ಬೀಳಲಿಲ್ಲ. ಮೂಲೇಲಿ ರಕ್ತ ಕಾರ್ತಾ ಬಿದ್ದಿದ್ದ ಎವರಿಸ್ತೊ ಮೇಲೂ ಬೀಳಲಿಲ್ಲ. ಉಳಿದವರನ್ನೆಲ್ಲ ಹುಡುಕಿ ಹುಡುಕಿ ಹೊಡೀತಿತ್ತು.

ಅವಳು ಸುಮ್ಮನೆ ಕೂತಿದ್ರೆ ಅವತ್ತು ನಾವೆಲ್ಲ ಅಲ್ಲೇ ಸಾಯ್ತಿದ್ವಿ. ಅವಳೇ ನನಗೆ ಹೇಳಿದ್ದಾಳೆ, "ಸಾಯ್ಲಿ ಅಂತಲೇ ಕೂತಿದ್ದೆ ಅಕ್ಕ. ನೀನು ಮೊದಲು. ಆದರೆ ಇವನ ಬಾಯಿ ನನ್ನ ಎದೆ ಮೇಲಿತ್ತು, ಹಿಮದ ಹಾಗೆ ಕೊರೀತಿತ್ತು. ಹೊಡೆದೂ ಹೊಡೆದೂ ಇವನಿಗೇ ಚಳಿಯಾಗಿತ್ತು. ಎಲ್ಲಿಗೂ ಸೇರದೆ ಹೀಗೇ ಅಲೀಬೇಕಾ ಇವನು, ಅನ್ನಿಸ್ತು."

ಆಗ ಕೂಗಿದ್ಲು. ಆ ಸದ್ದಿನಲ್ಲೂ ನನಗೆ ಕೇಳಿಸ್ತು.

"ಅಕ್ಕ, ಬಾ. ಹೆತ್ತವಳು ನೀರು ಹುಯ್ಯೋ ಹಾಗಿಲ್ಲ. ನೀನು ಹುಯ್ಯಿ."

ನೀರು ಹುಯ್ದು ಹೆಸರಿಡೋಕೆ ಧರ್ಮತಾಯಿ ಬೇಕಲ್ಲ. ಹೆತ್ತವರು ಆಗೋ ಹಾಗಿಲ್ಲ. ಇದ್ದವರಲ್ಲಿ ಅವಳು ಯಾರನ್ನ ಕರೆದಳು ನೋಡು. ನನ್ನನ್ನ.

ತೆವಳಿದೆ. ಆರೇಳು ಹೆಜ್ಜೆ ದೂರ ಅಷ್ಟೇ. ತಲೆಗೆ ಎರಡು ಬಿದ್ದವು, ಒಂದು ಕಣ್ಣು ರಕ್ತದಲ್ಲಿ ಮುಚ್ಚಿತು. ನೀರಿನ ಮಡಕೆ ಚೂರಾಗಿತ್ತು. ಕೈಗೆ ಸಿಕ್ಕಿದ ಕಲ್ಲು ತಗೊಂಡು ಅಂಗೈಲಿ ಉಜ್ಜಿದೆ, ಕರಗಲಿಲ್ಲ. ಬಾಯಿಗೆ ಹಾಕ್ಕೊಂಡೆ. ಹಲ್ಲು ಜುಮ್ಮೆಂದು ದವಡೆ ಮರಗಟ್ಟಿತು. ಅಷ್ಟಿಷ್ಟು ಕರಗಿದ್ದನ್ನ ಕೈಗೆ ಉಗಿದು ಆ ಮಗುವಿನ ನೆತ್ತಿಗೆ ಬಿಟ್ಟೆ. ಮುಖ ನೋಡಿದೆ. ನಮ್ಮಜ್ಜನ ಮೂಗು.

"ಹೆಸರು?" ಅಂದೆ.

"ಸಿಲ್ವೆರಿಯೊ," ಅಂದ್ಲು. ನಮ್ಮಜ್ಜನ ಹೆಸರು ಅದು.

"ಸಿಲ್ವೆರಿಯೊ… ಪಿತನ… ಸುತನ… ಪವಿತ್ರಾತ್ಮನ ಹೆಸರಲ್ಲಿ…" ಅಂದೆ. ನಾಲಿಗೆ ತಿರುಗ್ತಿರಲಿಲ್ಲ. ಅಷ್ಟರಲ್ಲಿ ನನ್ನ ಬಲಗೈ ಮಣಿಕಟ್ಟನ್ನ ಏನೋ ಹಿಡೀತು. ಇಲಾರಿಯಾನ ಎರಡೂ ಕೈ ಮಗುವಿನ ಅಡಿಯಲ್ಲಿದ್ದವು, ಅವಳಲ್ಲ. ಬಿಗಿಯಾಗಿ ಹಿಡೀತು. ಬೆಂಕಿ ಇಟ್ಟ ಹಾಗೆ ಉರೀತು, ಕಿರುಚಿದೆ.

ಕಲ್ಲು ನಿಂತಿತು. ಕಡಿಮೆಯಾಗಲಿಲ್ಲ… ನಿಂತಿತು. ಸೂರಿನ ಹುಲ್ಲಿಂದ ನೀರು ತೊಟ್… ತೊಟ್… ಅಂತಿದ್ದದ್ದು ಬಿಟ್ರೆ ಸದ್ದಿಲ್ಲ.

ಆಮೇಲೆ ಯಾರೂ ಎಲ್ಲೆ ಆಚೆ ಅನ್ನೋ ಮಾತೆತ್ತಲಿಲ್ಲ. ನಡೆಯೋಕೆ ಆಗೋರು ಆಗದವರನ್ನ ಹೊತ್ಕೊಂಡು ಗುಡ್ಡ ಇಳಿದರು. ಮಗುವನ್ನ ಚರ್ಚಿನ ಪಕ್ಕ ಊರಿನ ಮಸಣದಲ್ಲೇ ಹೂತು, ಶಿಲುಬೆ ಮೇಲೆ ಹೆಸರು ಬರೆಸಿದ್ವಿ. ನೀನು ಹೋಗಿ ಓದ್ಕೊ ಬೇಕಾದ್ರೆ. ಕಸಿಮಿರೊ ಎರಡು ವರ್ಷ ಕುಂಟಿ ಸತ್ತ. ಹೆಂಗಸರನ್ನ ಸಾಲಾಗಿ ನಿಲ್ಲಿಸೋದು ಅವತ್ತಿಗೇ ನಿಂತಿತು. ಬಸುರಿ ಇದ್ದ ಮನೆಗೆ ಕಾವಲಿನ ಸರದಿ ಈಗ ಇಲ್ಲ. ನಿನ್ನ ಗಂಡನಿಗೆ ಈ ವರ್ಷ ಯಾಕೆ ಬರಲಿಲ್ಲ ಅಂದುಕೊಂಡಿದ್ದೀಯ? ಅದೃಷ್ಟ ಅಂತಾನಾ?

ಇಲಾರಿಯಾಗೆ ಮತ್ತೆ ಮಕ್ಕಳಾಗಲಿಲ್ಲ. ಮೂರು ವರ್ಷ ನನ್ನ ಜೊತೆ ಮಾತಾಡಲಿಲ್ಲ. ದಾರೀಲಿ ಕಂಡ್ರೆ ಉಗೀತಿದ್ಲು, ಉಗೀಲಿ, ನಾನಾಗಿದ್ರೆ ಕಲ್ಲಲ್ಲಿ ಹೊಡೀತಿದ್ದೆ. ಮೂರನೇ ವರ್ಷ ಸತ್ತವರ ಹಬ್ಬದ ದಿನ ಬಾಗಿಲಿಗೆ ಬಂದು ನಿಂತಳು. "ಅವನಿಗೆ ಎಡೆ ಇಡ್ತಿದ್ದೀನಿ," ಅಂದ್ಲು. "ಧರ್ಮತಾಯಿ ಇಲ್ಲದೆ ಇಡೋಕಾಗುತ್ತಾ? ಬಾ." ಹೋದೆ. ರೊಟ್ಟಿ, ಕಬ್ಬು, ಒಂದು ಲೋಟ ಹಾಲು ಇಟ್ಟಿದ್ಲು. ಇಬ್ಬರೂ ಕೂತು ಹೊಟ್ಟೆ ತುಂಬ ಅತ್ವಿ. ಆಮೇಲೆ ಅವಳೇ ನನ್ನ ಬಲಗೈ ಎತ್ತಿ ನೋಡಿ, ಅಲ್ಲಿಗೊಂದು ಮುತ್ತು ಕೊಟ್ಲು.

ಏನು ನೋಡಿದ್ಲು ಅಂತೀಯಾ? ಫೋನಿನ ಬೆಳಕು ಹಿಡಿ. ಇಲ್ಲಿ, ಮಣಿಕಟ್ಟಿನ ಮೇಲೆ. ಹತ್ತಿರ ಬಾ, ಕಚ್ಚಲ್ಲ ನಾನು. ಮಾರನೇ ದಿನ ಬೆಳಿಗ್ಗೆ ನೋಡ್ಕೊಂಡಾಗ ಇದು ನನ್ನ ಹೆಬ್ಬೆಟ್ಟಿನಷ್ಟೂ ಇರಲಿಲ್ಲ. ಒಂದು ನೀಲಿ ಅಂಗೈ, ಜೀರಿಗೆ ಕಾಳಿನಂಥ ಐದು ಬೆರಳು. ನನ್ನ ಮೈಯ ಬಾಕಿ ಪೆಟ್ಟೆಲ್ಲ ಹದಿನೈದು ದಿನಕ್ಕೆ ಮಾಯ್ದವು, ಇದು ಮಾಯಲಿಲ್ಲ. ಎಲ್ ಆಲ್ತೊದ ಡಾಕ್ಟರು ನೋಡಿ, ಹುಟ್ಟುಮಚ್ಚೆ ಅಲ್ವಾ ಅಂದ. ಅವಳು ಮುತ್ತು ಕೊಟ್ಟ ವರ್ಷ ಮೂರು ವರ್ಷದ ಹುಡುಗನ ಕೈಯಷ್ಟಾಗಿತ್ತು.

ನಂಬೋದು ಬಿಡೋದು ನಿನ್ನಿಷ್ಟ. ನಾನು ಕಟ್ಟಿ ಹೇಳ್ತಿಲ್ಲ, ನನ್ನ ಮೈ ಮೇಲೆ ಆದದ್ದು ಇದು. ಈಗ ಹನ್ನೊಂದು ವರ್ಷ ಆಯ್ತು. ಹೋದ ತಿಂಗಳು ಅವನ ಹೆಬ್ಬೆರಳೂ ನಡುಬೆರಳೂ ನನ್ನ ಮಣಿಕಟ್ಟು ಸುತ್ತಿಕೊಂಡು ಬಂದು ಒಂದಕ್ಕೊಂದು ತಾಗಿದವು.